ಹಳಿ ಕಿತ್ತ ದಾರಿಯ ಹಕ್ಕಿ

ಜನವರಿ, ಪೊಂಗಲ್ ಕಳೆದ ಮೂರನೆಯ ದಿನ

ಮೊರಪ್ಪೂರಿನಲ್ಲಿ ಇಳಿದಾಗ ಬೆಳಗಿನ ಆರೂಮುಕ್ಕಾಲು. ಬೇವಿನ ಮರದ ಗೊರವಂಕಗಳು ಇನ್ನೂ ಜಗಳ ಮುಗಿಸಿರಲಿಲ್ಲ. ರೈಲು ಸೇಲಂ ಕಡೆಗೆ ಹೊರಟ ಮೇಲೆ ತಂತಿಯ ಮೇಲಿದ್ದ ಕಾಜಾಣವೊಂದು ಹಳಿಗೆ ಇಳಿಯಿತು. ಗಾಲಿಯ ಅದುರಿಗೆ ಎದ್ದ ಹುಳವೊಂದನ್ನು ಹಿಡಿದು ಮತ್ತೆ ತಂತಿಗೇರಿತು. ಹೀಗೆ ಒಂಬತ್ತು ಸಲ ಇಳಿದು ಹತ್ತಿದ್ದನ್ನು ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು ನಿಲ್ದಾಣದಿಂದ ಹೊರಬಿದ್ದೆ.

ನಾನು ಬಂದದ್ದು ಇನ್ನೊಂದು ಹಳಿಯನ್ನು ಹುಡುಕಿಕೊಂಡು. ಜೋಲಾರ್‌ಪೇಟೆಯಿಂದ ಸೇಲಂಗೆ ಹೋಗುವ ದೊಡ್ಡ ದಾರಿಯ ಈ ನಿಲ್ದಾಣದಿಂದ ಒಂದು ಕಾಲಕ್ಕೆ ಪಡುವಣಕ್ಕೆ, ಧರ್ಮಪುರಿಗೆ, ಪುಟ್ಟ ರೈಲೊಂದು ಓಡುತ್ತಿತ್ತು. ಅದು ಶುರುವಾದದ್ದು 1906ರಲ್ಲಿ. ಎರಡು ಹಳಿಗಳ ನಡುವಿನ ಅಂತರ ಎರಡು ಅಡಿ ಆರು ಅಂಗುಲ, ಕಾಲು ಚಾಚಿ ದಾಟಬಹುದಾದಷ್ಟು. 1913ರಲ್ಲಿ ಅದೇ ದಾರಿ ಹೊಸೂರಿನವರೆಗೆ ಬೆಳೆಯಿತು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಓಟ ನಿಂತಿತು. ಕಬ್ಬಿಣ ಯುದ್ಧಕ್ಕೆ ಬೇಕಾಗಿತ್ತು, ಹಳಿ ಕಿತ್ತರು. ಇಂದು ಧರ್ಮಪುರಿಗೆ ರೈಲಿದೆ, ಆದರೆ ಅದು ಹೊಸೂರಿನಿಂದ ಓಮಲೂರಿಗೆ ಇಳಿಯುವ ಬೇರೆ ದಾರಿ. ಒಂದೇ ಜಿಲ್ಲೆಯಲ್ಲಿ ಎರಡು ಹಳಿಗಳು ಹಾದುಹೋಗುತ್ತವೆ, ನಡುವೆ ಕೊಂಡಿ ಇಲ್ಲ. ಆ ಕೊಂಡಿ ಇದ್ದ ಜಾಗದಲ್ಲಿ ಈಗ ಏನು ಬೆಳೆದಿದೆ, ಯಾರು ಬದುಕಿದ್ದಾರೆ ಎಂದು ಒಂದು ವರ್ಷ ನೋಡಬೇಕೆಂಬುದು ನನ್ನ ಆಸೆ.

ಹಳೆಯ ದಾರಿಯ ಬಹುಪಾಲು ಹೊಲವಾಗಿದೆ, ರಸ್ತೆಯಾಗಿದೆ, ಮನೆಯಾಗಿದೆ. ನಡೆದೂ ನಡೆದೂ ಹತ್ತು ಗಂಟೆಯ ಹೊತ್ತಿಗೆ ಒಂದು ತುಂಡು ಸಿಕ್ಕಿತು. ರಾಗಿ ಕೊಯ್ದ ಹೊಲಕ್ಕೂ ಮರಗೆಣಸಿನ ತೋಟಕ್ಕೂ ನಡುವೆ ಸೊಂಟದೆತ್ತರದ ದಿಬ್ಬ, ಉದ್ದ ಸುಮಾರು ಮುನ್ನೂರು ಹೆಜ್ಜೆ. ನೆಟ್ಟಗೆ ಹೋಗಿ ಬಹಳ ನಿಧಾನವಾಗಿ ಎಡಕ್ಕೆ ಬಾಗುತ್ತದೆ. ಹೊಲದ ಬದು ಹಾಗೆ ಬಾಗುವುದಿಲ್ಲ, ಅದು ಮೂಲೆಗೆ ಬಂದು ಸಟ್ಟನೆ ತಿರುಗುತ್ತದೆ. ಇದು ಎಲ್ಲಿದೆ ಎಂದು ಬರೆಯಲಾರೆ. ಕಾರಣ ಮುಂದೆ ತಿಳಿಯುತ್ತದೆ.

ದಿಬ್ಬದ ಕೆಳಗೆ ಆಡು ಮೇಯಿಸುತ್ತಿದ್ದ ತಾತನನ್ನು ತಮಿಳಿನಲ್ಲಿ ಕೇಳಿದೆ. ನನ್ನ ತಮಿಳಿನ ಎಳೆ ಹಿಡಿದು ಅವರು ಕನ್ನಡಕ್ಕೆ ಬಂದರು. ಅವರ ಮನೆಮಾತು ಅದೇ.

“ಇದಾ? ರೈಲು ರೋಡು ಸಾಮಿ. ನಾನ್ ನೋಡಿಲ್ಲ. ನಮ್ಮಪ್ಪ ಇದರಾಗೆ ಧರ್ಮಪುರಿ ಸಂತೆಗೆ ಓಗಿದ್ನಂತೆ. ನಡ್ಕೊಂಡು ಓದ್ರೂ ಅದೇ ಒತ್ತಿಗೆ ಸೇರ್ತಿದ್ವಿ ಅಂತ ಏಳೋನು.”

“ತಾತ, ಇದನ್ನ ಯಾಕೆ ಉತ್ತಿಲ್ಲ?”

“ಎಂಗ್ ಉಳೋದು? ಒಳಗೆಲ್ಲ ಜಲ್ಲಿ. ನೇಗಿಲು ಮುರೀತದೆ.”

ಮೇಲೆ ಹತ್ತಿ ಕಾಲಿನಿಂದ ಕೆದಕಿದೆ. ಒಣಹುಲ್ಲಿನ ಬುಡದಲ್ಲಿ ಒಡೆದ ಕಲ್ಲು, ಮುಷ್ಟಿಯಲ್ಲಿ ಹಿಡಿಸುವಷ್ಟು. ಸುತ್ತಲ ಹೊಲದ ಮಣ್ಣು ಕೆಂಪು, ಈ ಕಲ್ಲು ಬೂದು, ಅಲ್ಲಲ್ಲಿ ಕಪ್ಪು ಚುಕ್ಕೆ. ಒಂದನ್ನು ಜೇಬಿಗೆ ಹಾಕಿಕೊಂಡೆ.

ಮೊದಲ ದಿನದ ಪಟ್ಟಿ: ನೀಲಕಂಠ 2, ಗೌಜುಗ (ದನಿ ಮಾತ್ರ), ನೆಲಗುಬ್ಬಿ 7, ಚಂದ್ರಮುಕುಟ 1, ಹರಟೆಮಲ್ಲ ಒಂದು ಗುಂಪು, ಹಳದಿ ಟಿಟ್ಟಿಭ 2. ಗಿಡಗಳು: ತುಗ್ಗಲಿ, ಆವರಿಕೆ, ಎಕ್ಕ, ಬೇವು, ಬಳ್ಳಾರಿ ಜಾಲಿ, ಕವಳಿ, ಹೆಸರು ತಿಳಿಯದ ಹುಲ್ಲು ಮೂರು ಬಗೆ.

ಜನವರಿ, ಮರುದಿನ

ಈ ಪುಟ್ಟ ರೈಲು ಹುಟ್ಟಿದ್ದು ಹಸಿವಿನ ನೆನಪಿನಿಂದ. 1876ರಿಂದ 78ರವರೆಗಿನ ಬರವನ್ನು ನಮ್ಮವರು ಧಾತು ಈಶ್ವರದ ಬರ ಎನ್ನುತ್ತಾರೆ, ಇಲ್ಲಿಯವರು ಧಾತು ವರ್ಷದ ಪಂಜ ಎನ್ನುತ್ತಾರೆ. ಸಂವತ್ಸರದ ಹೆಸರು ಎರಡೂ ಕಡೆ ಒಂದೇ, ಸಾವೂ ಒಂದೇ. ಮೈಸೂರು ಸೀಮೆಯಂತೆ ಸೇಲಂ ಜಿಲ್ಲೆಯೂ ಆ ಬರದಲ್ಲಿ ನುಗ್ಗಾಯಿತು. ಅದಾದ ಮೇಲೆ 1880ರ ಬರ ಆಯೋಗ, ಒಣಸೀಮೆಗಳಿಗೆ ಕಾಳು ತಲುಪಿಸುವ ರೈಲುದಾರಿಗಳು ಬೇಕೆಂದಿತು. ಮೊರಪ್ಪೂರು–ಧರ್ಮಪುರಿ ದಾರಿ ಆ ಬಗೆಯದು. ಲಾಭಕ್ಕಿಂತ ಮೊದಲು ಜೀವ ಉಳಿಸಲಿ ಎಂದು ಹಾಕಿದ ಹಳಿ.

ಬರ ಈ ನೆಲಕ್ಕೆ ಅಪರೂಪದ ಅತಿಥಿಯಲ್ಲ. ಮುಂಗಾರು ಘಟ್ಟ ದಾಟಿ ಬರುವಷ್ಟರಲ್ಲಿ ಬಳಲಿರುತ್ತದೆ. ಹಿಂಗಾರು ಕಡಲಿನಿಂದ ಇಷ್ಟು ಒಳಗೆ ಬರುವಷ್ಟರಲ್ಲಿ ಅರ್ಧ ಸುರಿದಿರುತ್ತದೆ. ಎರಡೂ ಮಳೆ ತಲುಪುತ್ತವೆ, ಎರಡನ್ನೂ ನಂಬಿ ಕೂರುವಂತಿಲ್ಲ. ಹಾಗಾಗಿ ಇಲ್ಲಿ ರಾಗಿ, ಸಾಮೆ, ಹುರುಳಿ. ಹಾಗಾಗಿಯೇ ಆಡು, ಕುರಿ, ದನ. ಧರ್ಮಪುರಿ ಜಿಲ್ಲೆಯ ಉದ್ದಕ್ಕೂ ಸಿಗುವ ವೀರಗಲ್ಲುಗಳಲ್ಲಿ ತುರುಗೋಳಿನ ಕಥೆ ಎಷ್ಟು! ದನ ಹಿಡಿದೊಯ್ಯಲು ಬಂದವರ ಜೊತೆ ಕಾದು ಬಿದ್ದವನ ಕಲ್ಲು. ಇತಿಹಾಸ ಓದಿದವರು ಆ ಕಲ್ಲಿನಲ್ಲಿ ಅರಸರ ಹೆಸರನ್ನು ಹುಡುಕುತ್ತಾರೆ. ನನಗೆ ಕಾಣುವುದು ಹುಲ್ಲು. ಕಾದಾಡುವಷ್ಟು ದನ ಇದ್ದಿರಬೇಕಾದರೆ ಮೇಯಲು ಬಯಲು ಇದ್ದಿರಬೇಕು. ಆ ಬಯಲಿನ ಹಕ್ಕಿಗಳೇ ಈಗ ಈ ಮುನ್ನೂರು ಹೆಜ್ಜೆ ಉದ್ದದ ದಿಬ್ಬದ ಮೇಲೆ ಸೇರಿಕೊಂಡಿವೆ: ನೆಲದ ಮೇಲೆ ಮೊಟ್ಟೆ ಇಡುವ ಗೌಜುಗ, ನೆಲಗುಬ್ಬಿ, ಟಿಟ್ಟಿಭ. ಸುತ್ತ ಉತ್ತ ನೆಲ, ನೀರು ಕಟ್ಟಿದ ತೋಟ. ಉಳದೆ ಉಳಿದದ್ದು ಇದೊಂದೇ.

ಮಾರ್ಚ್, ಎರಡನೆಯ ವಾರ

ಬೇವು ಹೂ ಬಿಟ್ಟಿದೆ. ಹುಣಸೆ ಬಡಿಯುವ ಕಾಲ. ರಸ್ತೆಬದಿಯ ಮರಗಳ ಕೆಳಗೆ ಹೆಂಗಸರು ಓಡು ಬಿಡಿಸುತ್ತಿದ್ದಾರೆ. ದಿಬ್ಬದ ಹುಲ್ಲು ಪೂರ್ತಿ ಒಣಗಿ, ಒಳಗಿನ ಜಲ್ಲಿ ಮೇಲೆ ಕಾಣುತ್ತಿದೆ. ತುಗ್ಗಲಿಯಲ್ಲಿ ಒಂದೂ ಎಲೆ ಇಲ್ಲ. ಇದರ ಎಲೆ ಒಣಗಿಸಿ ಪುಡಿ ಮಾಡಿದ ಅರಪ್ಪಿನಿಂದ ಇಲ್ಲಿಯವರು ತಲೆ ತೊಳೆಯುತ್ತಾರೆ.

ಮಧ್ಯಾಹ್ನ ನೆರಳಿನಲ್ಲಿ ಕೂತು ಗಿಡದ ಪಟ್ಟಿಯನ್ನು ತಿದ್ದುತ್ತಿದ್ದೆ. ಮೂವತ್ತು ವರ್ಷದಿಂದ ಬರೆದ ನನ್ನ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಹೆಸರುಗಳ ಮೇಲೆ ಗೆರೆ ಎಳೆದಿದೆ. ಆವರಿಕೆಯನ್ನು ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯ ಆರಿಕ್ಯುಲೇಟ ಎಂದು ಕಲಿತೆ, ಈಗ ಅದು ಸೆನ್ನ ಆರಿಕ್ಯುಲೇಟ. ಬಳ್ಳಾರಿ ಜಾಲಿಯನ್ನು ಪ್ರೊಸೋಪಿಸ್‌ನಿಂದ ತೆಗೆದು ನೆಲ್ಟುಮಕ್ಕೆ ಸೇರಿಸಿದ್ದಾರೆ. ಬೇವನ್ನು 1753ರಲ್ಲಿ ಲಿನೇಯಸ್ ಮೀಲಿಯ ಎಂಬ ಕುಲದೊಳಗೆ ಇಟ್ಟ. 1830ರಲ್ಲಿ ಅದಕ್ಕೆ ಬೇರೆ ಕುಲ ಕಟ್ಟಿ ಅಜಡಿರಾಕ್ಟ ಇಂಡಿಕ ಎಂದರು. ಮರಕ್ಕೆ ಇದ್ಯಾವುದೂ ತಿಳಿಯದು. ಆದರೆ ನೋಡುವವನಿಗೆ ಎಲ್ಲ ಹೆಸರೂ ಬೇಕು, ಯಾಕೆಂದರೆ ಹಳೆಯ ಹೆಸರು ಗೊತ್ತಿಲ್ಲದವನು ಹಳೆಯ ದಾಖಲೆಯನ್ನು ಓದಲಾರ.

ಈ ಸೀಮೆಗೂ ಹಾಗೆಯೇ ಹೆಸರಿನ ಮೇಲೆ ಹೆಸರು. ಧರ್ಮಪುರಿಯ ಹಿಂದಿನ ಹೆಸರು ತಗಡೂರು. ಸಂಗಂ ಕಾಲದ ಅದಿಯಮಾನ್ ಆಳಿದ ಊರು. ತನಗೆ ಸಿಕ್ಕ ಅಪರೂಪದ ನೆಲ್ಲಿಕಾಯನ್ನು ಅವನು ತಾನು ತಿನ್ನದೆ ಅವ್ವೈಯಾರ್‌ಗೆ ಕೊಟ್ಟನೆಂಬ ಕಥೆ ತಮಿಳು ಮಕ್ಕಳಿಗೆಲ್ಲ ಗೊತ್ತು. ಒಂಬತ್ತನೆಯ ಶತಮಾನದ ಕೊನೆಗೆ ಇದು ನೊಳಂಬರ ನೆಲ. ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನ ಇಲ್ಲಿ ಸಿಕ್ಕಿದೆ, ಅದರಲ್ಲಿ ತಗಡೂರಿನ ಬಸದಿಯ ಮಾತಿದೆ. ಮುಂದೆ ಮೈಸೂರಿನ ಹೈದರ್, ಟಿಪ್ಪುವಿನ ಕಾಲಕ್ಕೆ ಇದು ಬಾರಾಮಹಲ್, ಹನ್ನೆರಡು ಮಹಲುಗಳ ಸೀಮೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅದನ್ನು ಬಿಟ್ಟುಕೊಟ್ಟ. ಅಲೆಗ್ಸಾಂಡರ್ ರೀಡ್ ಎಂಬ ಕಲೆಕ್ಟರ್ ಬಂದ, ಅವನ ಕೈಕೆಳಗೆ ಥಾಮಸ್ ಮನ್ರೊ ಏಳು ವರ್ಷ ಹೊಲಹೊಲ ಅಳೆಸಿದ. ರೈತವಾರಿ ಪದ್ಧತಿ ಕಣ್ಣು ಬಿಟ್ಟದ್ದು ಈ ಕೆಮ್ಮಣ್ಣಿನಲ್ಲಿ. ಇಲ್ಲಿಂದಲೇ ಮನ್ರೊ 1799ರಲ್ಲಿ ನಮ್ಮ ಕನ್ನಡ ಕರಾವಳಿಗೆ ಬಂದ. ಬಾರಾಮಹಲ್ ಹೋಗಿ ಸೇಲಂ ಜಿಲ್ಲೆಯಾಯಿತು. 1965ರ ಅಕ್ಟೋಬರ್ 2ರಂದು ಸೇಲಂ ಒಡೆದು ಧರ್ಮಪುರಿ ಜಿಲ್ಲೆ. 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ. ಮೊರಪ್ಪೂರಿಗೆ ತನ್ನದೇ ಹೆಸರಿನ ವಿಧಾನಸಭಾ ಕ್ಷೇತ್ರವೊಂದಿತ್ತು. 2008ರ ಮರುವಿಂಗಡಣೆಯಲ್ಲಿ ಅದೂ ಅಳಿಯಿತು.

ರೈಲಿನ ಕವಲು ಹೋಯಿತು, ಕ್ಷೇತ್ರ ಹೋಯಿತು. ಊರು ಇದೆ, ನಿಲ್ದಾಣ ಇದೆ, ಬೇವಿನ ಮರ ಇದೆ. ಪಟ್ಟಿ ತಿದ್ದುವಾಗ ಕುಲದ ಹೆಸರಿಗೆ ಗೆರೆ ಎಳೆದು, ಪಕ್ಕದ ಜಾತಿಯ ಹೆಸರನ್ನು ಹಾಗೇ ಬಿಡುತ್ತೇವಲ್ಲ, ಅದೇ ರೀತಿ.

ಏಪ್ರಿಲ್ 9

ದಿಬ್ಬದ ಬಾಗು ಶುರುವಾಗುವಲ್ಲಿ ಹಳದಿ ಟಿಟ್ಟಿಭವೊಂದು ನನ್ನ ಮುಂದಿನಿಂದ ಹಾರದೆ ಓಡಿತು. ತಲೆ ತಗ್ಗಿಸಿ ಹತ್ತು ಹೆಜ್ಜೆ ಓಡಿ, ನಿಂತು, ಏನೂ ಆಗಿಲ್ಲವೆಂಬಂತೆ ನೆಲ ಕುಕ್ಕಿತು. ಹಾರದೆ ಓಡುವ ಟಿಟ್ಟಿಭ ಏನನ್ನೋ ಮುಚ್ಚಿಡುತ್ತಿರುತ್ತದೆ. ಇದ್ದಲ್ಲೇ ನಿಂತೆ. ಬೂಟಿನ ಸುತ್ತಲ ನೆಲವನ್ನು ಅಂಗೈಯಗಲ ಅಂಗೈಯಗಲವಾಗಿ ನೋಡುತ್ತ ಹೋದೆ. ಏನೂ ಇಲ್ಲ. ನಲವತ್ತು ಹೆಜ್ಜೆ ಹಿಂದೆ ಸರಿದು ತುಗ್ಗಲಿ ಗಿಡದ ಮರೆಯಲ್ಲಿ ಕೂತೆ.

ಇಪ್ಪತ್ತೆರಡು ನಿಮಿಷ ಕಳೆಯಿತು. ಹಕ್ಕಿ ಬಂತು: ಕಪ್ಪು ಟೋಪಿ, ಅದರ ಸುತ್ತ ಬಿಳಿ ಪಟ್ಟಿ, ಕಣ್ಣ ಮುಂದೆ ಜೋತ ಹಳದಿ ಚರ್ಮ, ಹಳದಿ ಕಾಲು. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಮತ್ತೆ ನಾಲ್ಕು ಹೆಜ್ಜೆ. ಕೊನೆಗೆ ನಾನು ಆಗಲೇ ನೋಡಿ ಏನೂ ಇಲ್ಲವೆಂದುಕೊಂಡ ಜಾಗದಲ್ಲಿ ಕೂತು, ಹೊಟ್ಟೆಯ ಗರಿ ಸರಿಪಡಿಸಿಕೊಂಡಿತು. ಬೈನಾಕ್ಯುಲರ್‌ನಲ್ಲಿ ಕಲ್ಲುಗಳನ್ನು ಒಂದೊಂದಾಗಿ ಗುರುತಿಟ್ಟುಕೊಂಡೆ. ಅದು ಮತ್ತೆ ಎದ್ದಾಗ ಕಂಡವು: ನಾಲ್ಕು ಮೊಟ್ಟೆ, ಚೂಪಾದ ತುದಿಗಳೆಲ್ಲ ಒಳಗೆ ಸೇರಿಸಿ ಇಟ್ಟದ್ದು. ಗೂಡೆಂದು ಕರೆಯಲು ಹುಲ್ಲಿನ ಎಸಳೂ ಇಲ್ಲ. ಜಲ್ಲಿಯನ್ನು ಪಕ್ಕಕ್ಕೆ ಒತ್ತಿ ಮಾಡಿದ ಒಂದು ತಗ್ಗು. ಮೊಟ್ಟೆಯ ಬೂದು ಮೈ, ಅದರ ಮೇಲಿನ ಕಪ್ಪು ಮಚ್ಚೆ, ನನ್ನ ಮೇಜಿನ ಮೇಲಿರುವ ಜನವರಿಯ ಕಲ್ಲಿನ ಬಣ್ಣವೇ.

ಎಷ್ಟೋ ಹೊತ್ತು ಪೆನ್ನು ತೆಗೆಯಲಿಲ್ಲ. 1906ರ ಸುಮಾರಿಗೆ ಯಾವುದೋ ಗುಡ್ಡದಲ್ಲಿ ಕೂಲಿಯವರು ಸುತ್ತಿಗೆಯಿಂದ ಒಡೆದು, ಬುಟ್ಟಿಯಲ್ಲಿ ಹೊತ್ತು ಸುರಿದ ಜಲ್ಲಿ ಇದು. ಅವರ ಹೆಸರು ಎಲ್ಲೂ ಇಲ್ಲ. ಹಾಕಿಸಿದ ಸರ್ಕಾರ ಹೋಯಿತು, ಮೇಲೆ ಓಡಿದ ರೈಲು ಹೋಯಿತು, ಹಳಿಯ ಕಬ್ಬಿಣ ಯುದ್ಧಕ್ಕೆ ಹೋಯಿತು. ಆ ಜಲ್ಲಿ ಮಾತ್ರ ಇನ್ನೂ ಒಂದು ಭಾರ ಹೊತ್ತುಕೊಂಡಿದೆ.

ಏಪ್ರಿಲ್ 10ರಿಂದ 15

ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ತುಗ್ಗಲಿಯ ಮರೆ ಬಿಟ್ಟು ಹತ್ತಿರ ಹೋಗಿಲ್ಲ. ಫೋಟೋ ತೆಗೆದಿಲ್ಲ.

ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಹೊರನೋಟಕ್ಕೆ ಎರಡೂ ಒಂದೇ, ಯಾವುದು ಯಾವುದೆಂದು ನನಗೆ ಹೇಳಲಾಗದು. ಸರದಿ ಬದಲಾಗುವಾಗ ಕೂತದ್ದು ಎದ್ದು ನಡೆಯುತ್ತ ದೂರ ಹೋಗುತ್ತದೆ, ಬರುವುದು ಇನ್ನೊಂದು ದಿಕ್ಕಿನಿಂದ ಬರುತ್ತದೆ. ಒಂದು ಕಾಗೆ ಅಷ್ಟರಲ್ಲಿ ನೋಡುತ್ತಿದ್ದರೂ ಮೊಟ್ಟೆಯ ಜಾಗದ ಗೆರೆ ಅದಕ್ಕೆ ಸಿಗಬಾರದು.

ಹನ್ನೆರಡನೆಯ ತಾರೀಕು ಒಂದು ದಿನ ಬಿಸಿಲಿನಲ್ಲೂ ಕೂತೆ. ಹನ್ನೊಂದು ಗಂಟೆಯ ಮೇಲೆ ಜಲ್ಲಿ ಮುಟ್ಟಿದರೆ ಅಂಗೈ ಸುಡುತ್ತದೆ. ಈ ಹೊತ್ತಿನಲ್ಲಿ ಹಕ್ಕಿಯ ಕೆಲಸ ಕಾವು ಕೊಡುವುದು ಅಲ್ಲವೇ ಅಲ್ಲ, ಮೊಟ್ಟೆ ಬೇಯದಂತೆ ನೋಡಿಕೊಳ್ಳುವುದು. ಕೂರದೆ, ಕಾಲು ಅರ್ಧ ಮಡಿಸಿ, ರೆಕ್ಕೆ ಸ್ವಲ್ಪ ತೆರೆದು, ಮೊಟ್ಟೆಗಳ ಮೇಲೆ ನೆರಳಾಗಿ ನಿಂತಿತ್ತು. ಕೊಕ್ಕು ತೆರೆದು ಏದುತ್ತಿತ್ತು. 11.50ಕ್ಕೆ ಜೋಡಿ ಹಕ್ಕಿ ಮರಗೆಣಸಿನ ತೋಟದ ಕಾಲುವೆಗೆ ಹೋಗಿ, ಎದೆಯವರೆಗೆ ನೀರಿಗಿಳಿದು ಹೊಟ್ಟೆ ಅಲುಗಿಸಿತು. ಮೈ ತೊಳೆಯುತ್ತಿದೆ ಎಂದುಕೊಂಡೆ. ಮೈ ಕೊಡವಲಿಲ್ಲ. ತೊಟ್ಟಿಕ್ಕುವ ಹೊಟ್ಟೆಯಲ್ಲೇ ಬೇಗಬೇಗ ನಡೆದು ಬಂದು ಮೊಟ್ಟೆಗಳ ಮೇಲೆ ಕೂತಿತು. ನೀರು ಹೊತ್ತು ತಂದದ್ದು ಮೊಟ್ಟೆಗೆ. ಮೂರು ಗಂಟೆಯೊಳಗೆ ಐದು ಸಲ. ಪುಸ್ತಕದಲ್ಲಿ ಓದಿದ್ದೆ, ಕಂಡದ್ದು ಇದೇ ಮೊದಲು. ಬರಕ್ಕೆ ಕಾಳು ಹೊರಲೆಂದು ಹಾಕಿದ ದಾರಿಯ ಮೇಲೆ ಬಿಸಿಲಿಗೆ ನೀರು ಹೊರುವ ಜೀವ.

ಸಂಜೆ ತಾತ ಬಂದರು. ಅವರ ಆಡುಗಳು ದಿನಾ ದಿಬ್ಬ ಹತ್ತಿ ಆಚೆಗೆ ಇಳಿಯುವುದು ಅದೇ ಬಾಗಿನಲ್ಲಿ. ಹೇಗೆ ಹೇಳಲಿ ಎಂದು ನಾನು ತಡವರಿಸುವಾಗಲೇ ಅವರು, “ಆಳ್‌ಕಾಟ್ಟಿ ಮೊಟ್ಟೆ ಇಕ್ಕಿದೆ ಅಲ್ವಾ? ನಾನ್ ಎಂಟು ದಿನದಿಂದ ಸುತ್ತಾಕ್ಕೊಂಡು ಓಗ್ತಾ ಇವ್ನಿ” ಎಂದರು.

ಆಳ್‌ಕಾಟ್ಟಿ, ಆಳನ್ನು ತೋರಿಸುವ ಹಕ್ಕಿ. ಬಯಲಿನಲ್ಲಿ ಮನುಷ್ಯ ಕಾಲಿಟ್ಟರೆ ಕೂಗಿ ಎಲ್ಲರಿಗೂ ಹೇಳುತ್ತದೆಂದು ತಮಿಳರು ಇಟ್ಟ ಹೆಸರು. ಇಷ್ಟು ಸರಿಯಾದ ಹೆಸರನ್ನು ಯಾವ ಪಂಡಿತನೂ ಇಡಲಾರ. ಶಾಸ್ತ್ರದ ಹೆಸರಿನಲ್ಲಿ ಇದು ಮಲಬಾರಿನ ಹಕ್ಕಿ. ನಾನು ಕಾಣುವ ಮೊದಲೇ ತಾತ ಕಂಡಿದ್ದರು, ಆದರೆ ಯಾರಿಗೂ ತೋರಿಸಿರಲಿಲ್ಲ.

ಮೇ 4

ಬೆಳಗಿನ ಮೊದಲ ಬೆಳಕಿಗೆ ಹೋದೆ. ತಗ್ಗು ಖಾಲಿ. ಎದೆ ಧಸಕ್ಕೆಂದಿತು. ಉಡವೋ, ಮುಂಗುಸಿಯೋ, ನಾಯಿಯೋ. ನೆಲದಲ್ಲಿ ಗುರುತು ಹುಡುಕಿದೆ. ಒಡೆದ ಚಿಪ್ಪಿಲ್ಲ, ಹಳದಿ ಕಲೆ ಇಲ್ಲ. ಮರಿಯಾದ ಚಿಪ್ಪನ್ನು ಟಿಟ್ಟಿಭ ಹೊತ್ತು ದೂರ ಹಾಕುತ್ತದೆ. ತುಗ್ಗಲಿಯ ಮರೆಗೆ ಹೋಗಿ ಕಾದೆ. ತುಗ್ಗಲಿ ಈಗ ಚಿಗುರಿ, ಕೊಂಬೆ ತುಂಬ ಗೊಂಡೆಯಂಥ ತಿಳಿಹಳದಿ ಹೂ.

ಒಂದು ಗಂಟೆ ಹತ್ತು ನಿಮಿಷದ ಮೇಲೆ ಸಣ್ಣದೊಂದು ಕೀರಲು ಕೂಗು. ದೊಡ್ಡ ಹಕ್ಕಿಯ ಹಿಂದೆ ಜಲ್ಲಿಯ ಕಲ್ಲೆರಡು ಎದ್ದು ಓಡಿದವು. ಎರಡು ಮರಿ. ಮೇಲೆ ಹದ್ದೊಂದರ ನೆರಳು ಹಾಯ್ದಾಗ ದೊಡ್ಡ ಹಕ್ಕಿ ಇನ್ನೊಂದು ಬಗೆಯ ದನಿ ತೆಗೆಯಿತು. ಎರಡೂ ಇದ್ದಲ್ಲೇ ಕುಸಿದು ಮತ್ತೆ ಕಲ್ಲಾದವು. ಎಲ್ಲಿ ಕೂತವೆಂದು ನೋಡಿಕೊಂಡಿದ್ದರೂ ಕಣ್ಣು ಮಿಟುಕಿಸಿದ ಮೇಲೆ ನನಗೆ ಸಿಗಲಿಲ್ಲ.

ನಾಲ್ಕರಲ್ಲಿ ಎರಡು. ಇನ್ನೆರಡಕ್ಕೆ ಏನಾಯಿತೆಂದು ಬರೆಯಲು ನನ್ನ ಬಳಿ ಸಾಕ್ಷಿ ಇಲ್ಲ.

ಜುಲೈ, ಮೊದಲ ವಾರ

ಎರಡು ಮಳೆ ಬಿದ್ದಿದೆ. ದಿಬ್ಬದ ಬಡಗಣ ಮಗ್ಗುಲಿನ ಬೇಲಿಯಲ್ಲಿ ಕವಳಿ, ಕಳ್ಳಿಗಳ ನಡುವೆ ಕರಿಬೇವಿನ ಗಿಡಗಳು. ಯಾರೂ ನೆಟ್ಟದ್ದಲ್ಲ. ಗೊಂಚಲಿನ ಹಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತಿದೆ. ಪಿಕಳಾರಗಳು ಒಂದೇ ಸಮನೆ ಬಂದು ತಿನ್ನುತ್ತಿವೆ. ಅರ್ಧ ಗಂಟೆಯಲ್ಲಿ ಹದಿನೇಳು ಹಣ್ಣು. ಬೀಜ ಹಿಕ್ಕೆಯಲ್ಲಿ ಬೇಲಿಯುದ್ದಕ್ಕೂ ಬೀಳುತ್ತದೆ. ಹಕ್ಕಿ ಕೂರಲು ಬೇಲಿ ಇರುವಷ್ಟು ದೂರ ಕರಿಬೇವು.

ನಮ್ಮ ಒಗ್ಗರಣೆಯ ಈ ಗಿಡದ ಶಾಸ್ತ್ರೀಯ ಹೆಸರಿನೊಳಗೆ ಕಡಲ ಕರೆಯ ಕಥೆಯೊಂದಿದೆ. ತಮಿಳುನಾಡಿನ ತರಂಗಂಬಾಡಿ ಸ್ಕ್ಯಾಂಡಿನೇವಿಯದವರು ಆಳಿದ ಪಟ್ಟಣ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಅನುಮತಿ ಪಡೆದು ಡೇನರು ಅಲ್ಲಿ ಡಾನ್ಸ್‌ಬೋರ್ಗ್ ಕೋಟೆ ಕಟ್ಟಿದರು. 1768ರಲ್ಲಿ ಅಲ್ಲಿನ ಮಿಷನ್‌ಗೆ ವೈದ್ಯನಾಗಿ ಬಂದ ಯೋಹಾನ್ ಗೆರ್ಹಾರ್ಡ್ ಕೊಯೆನಿಗ್, ಸ್ವೀಡನ್ನಿನ ಉಪ್ಸಾಲದಲ್ಲಿ ಲಿನೇಯಸ್‌ನ ಬಳಿ ಕಲಿತವನು. ಗಿಡಗಳನ್ನು ಹುಡುಕುತ್ತ ಅಲೆದು, ಒಣಗಿಸಿ, ಗುರುವಿಗೆ ಕಳಿಸಿದ. 1771ರಲ್ಲಿ ಲಿನೇಯಸ್ ಕರಿಬೇವಿಗೆ ಬರ್ಗೇರ ಕೊಯೆನಿಗೈ ಎಂದು ಶಿಷ್ಯನ ಹೆಸರಿಟ್ಟ. ಕೊಯೆನಿಗ್ ಆಮೇಲೆ ಆರ್ಕಾಟಿನ ನವಾಬನ ಸೇವೆಗೆ, ಅಲ್ಲಿಂದ ಕಂಪನಿಯ ಸೇವೆಗೆ ಹೋಗಿ, 1785ರಲ್ಲಿ ಕಾಕಿನಾಡದ ಬಳಿ ತೀರಿಕೊಂಡ. ಅವನ ಜೊತೆಯ ಕಾಲದ ಇನ್ನೊಬ್ಬ, ತರಂಗಂಬಾಡಿಯ ಪಾದ್ರಿ ರಾಟ್ಲರ್. ಸೇರ್ವರಾಯನ್ ಬೆಟ್ಟದ ಕಡೆ ಸಿಗುವ ಕುಂಕುಮದ ಮರಕ್ಕೆ ರಾಟ್ಲೆರ ಎಂಬ ಹೆಸರಿತ್ತು, ಈಗ ಅದು ಮ್ಯಾಲೋಟಸ್.

1845ರಲ್ಲಿ ಡೇನರು ತರಂಗಂಬಾಡಿಯನ್ನು ಇಂಗ್ಲಿಷರಿಗೆ ಮಾರಿ ಹೊರಟರು. ಕರಿಬೇವನ್ನು ಮುರ್ರಯ ಎಂಬ ಕುಲಕ್ಕೆ ಹಾಕಿದರು. ಆ ಹೆಸರೂ ಲಿನೇಯಸ್‌ನ ಇನ್ನೊಬ್ಬ ಶಿಷ್ಯನದೇ, ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಮುರ್ರೆಯದು. ಈಚೆಗೆ ಮತ್ತೆ ಬರ್ಗೇರಕ್ಕೆ ತಂದಿದ್ದಾರೆ. ಇಷ್ಟೆಲ್ಲ ಓಡಾಟದಲ್ಲಿ ಕೊಯೆನಿಗೈ ಎಂಬ ಎರಡನೆಯ ಮಾತು ಅಲುಗಲಿಲ್ಲ. ಬಿಸಿಲಿನಲ್ಲಿ ನಡೆದು ಗಿಡ ನೋಡಿದವನ ಹೆಸರು ಮೊರಪ್ಪೂರಿನ ಬೇಲಿಯವರೆಗೆ ಬಂದು ಕೂತಿದೆ.

ಆ ಡೇನರ ನಾಡಿನಲ್ಲೂ ಈಗ ಹೆಸರು ಅಳಿಯುವ ಕಾಲ. ಡೆನ್ಮಾರ್ಕ್ 2007ರಲ್ಲಿ ತನ್ನ 271 ಪುರಸಭೆಗಳನ್ನು ಕೂಡಿಸಿ 98 ಮಾಡಿತು. ನೆರೆಯ ನಾರ್ವೆಯಲ್ಲೂ ಹೀಗೇ ಕೂಡಿಸಿ, 2020ರ ಹೊತ್ತಿಗೆ ಉಳಿದವು 356. ಕಡಲಂಚಿನ ಎಷ್ಟೋ ಸಣ್ಣ ಊರುಗಳು ತಮ್ಮ ಆಡಳಿತವನ್ನು ಪಕ್ಕದ ದೊಡ್ಡ ಊರಿಗೆ ಕೊಟ್ಟವು. ನಾನು ಅಲ್ಲಿಗೆ ಹೋಗಿಲ್ಲ. ಆದರೆ ಅಂಥ ಊರಿನ ಚರಿತ್ರೆ ಬರೆಯಲು ಕೂತವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ: ಅಧ್ಯಕ್ಷರ ಪಟ್ಟಿಯ ಪಕ್ಕದಲ್ಲಿ, ಅಲ್ಲಿನ ದಂಡೆಯಲ್ಲಿ ಯಾವ ಹಕ್ಕಿ ಯಾವ ತಿಂಗಳು ಮೊಟ್ಟೆ ಇಡುತ್ತದೆಂದೂ ಬರೆಯಿರಿ.

ಈ ಕೆಲಸಕ್ಕೆ ನಮ್ಮಲ್ಲಿ ಕಾನೂನೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಅದು ಊರಿನ ಗಿಡಮರ, ಪ್ರಾಣಿಪಕ್ಷಿ, ಜನರ ತಿಳಿವಳಿಕೆ ಎಲ್ಲವನ್ನೂ ಜನತಾ ದಾಖಲೆಯಲ್ಲಿ ಬರೆಯಬೇಕು. ಯಾರೋ ಹೊರಗಿನವರು ಎರಡು ದಿನ ಬಂದು ತುಂಬುವ ನಮೂನೆಯಾಗಿ ಅದು ಮುಗಿಯಬಾರದು. ಅರಪ್ಪು ಅರೆಯುವ ಅಮ್ಮ, ಆಡು ಮೇಯಿಸುವ ತಾತ ಹೇಳಬೇಕು. ಶಾಲೆಯ ಮಕ್ಕಳು ಬರೆಯಬೇಕು. ತಮಿಳಿನ ಹೆಸರು, ಕನ್ನಡದ ಹೆಸರು, ತೆಲುಗಿನ ಹೆಸರು ಮೂರೂ ಇರಬೇಕು. ಇಂಥ ಗಡಿಸೀಮೆಯಲ್ಲಿ ಒಂದು ಹಕ್ಕಿಗೆ ಮೂರು ಹೆಸರಿದ್ದರೆ ಅದನ್ನು ಮೂರು ಬಗೆಯ ಬದುಕು ಗಮನಿಸಿದೆ ಎಂದರ್ಥ. ಪಂಚಾಯತಿ ಒಡೆಯಲಿ, ಕೂಡಲಿ, ಆ ಪುಸ್ತಕ ಮುಂದಿನವರ ಕೈಗೆ ಹೋಗಬೇಕು.

ನವೆಂಬರ್, ದೀಪಾವಳಿ ಕಳೆದ ಮೇಲೆ

ಹಿಂಗಾರು ಈ ಸಲ ಸರಿಯಾಗಿ ಬಂದಿದೆ. ದಿಬ್ಬದ ಹುಲ್ಲು ಮೊಣಕಾಲಿನೆತ್ತರ, ಜಲ್ಲಿ ಕಾಣುವುದೇ ಇಲ್ಲ. ಆವರಿಕೆ ಮೈತುಂಬ ಹಳದಿ. ಎಕ್ಕದ ತುದಿಯಲ್ಲಿ ಬಡಗಣದಿಂದ ಬಂದ ಕಂದು ಕಳಿಂಗ ಕೂತು ಕರಕರ ಎನ್ನುತ್ತಿದೆ. ಚಳಿಗಾಲಕ್ಕೆ ಅದಕ್ಕೂ ಇಲ್ಲಿ ಮನೆ. ಟಿಟ್ಟಿಭಗಳು ದಿಬ್ಬದ ಮೇಲಿಲ್ಲ. ಹುಲ್ಲು ಎತ್ತರವಾದರೆ ಅವು ಇರುವುದಿಲ್ಲ. ಅರ್ಧ ಮೈಲಿ ದೂರದ ಉತ್ತ ಹೊಲದಲ್ಲಿ ಆರು ಕಂಡವು. ಎರಡರ ಟೋಪಿ ಇನ್ನೂ ಪೂರ್ತಿ ಕಪ್ಪಾಗಿಲ್ಲ, ಈ ವರ್ಷದ ಮರಿಗಳು. ನನ್ನ ದಿಬ್ಬದವೇ ಎಂದು ಹೇಳಲಾರೆ.

ಧರ್ಮಪುರಿಗೂ ಮೊರಪ್ಪೂರಿಗೂ ಮತ್ತೆ ಹಳಿ ಹಾಕುವ ಯೋಜನೆ ಇದೆ, 36 ಕಿಲೋಮೀಟರಿನ ಹೊಸ ದಾರಿ, 2019ರಲ್ಲಿ ಅಡಿಗಲ್ಲು ಹಾಕಿದರು. ಹಳೆಯದರ ಎರಡರಷ್ಟಕ್ಕೂ ಮೀರಿದ ಅಗಲದ ಹಳಿ. ಅದು ಬರಲಿ. ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಹೋಗುವವರಿಗೆ ಎಂಟು ದಶಕಗಳ ಹಿಂದೆ ಕಿತ್ತುಕೊಂಡದ್ದನ್ನು ಮರಳಿ ಕೊಡುವುದು ನ್ಯಾಯ. ನಾನು ಕೇಳುವುದು ಇಷ್ಟೇ: ಹೊಸ ದಿಬ್ಬದ ಮಗ್ಗುಲಿಗೆ ಬೇಲಿ ಬೆಳೆಯಲು ಬಿಡಿ, ಹಳೆಯ ದಾರಿಯ ಉಳಿದ ತುಂಡುಗಳನ್ನು ಬೀಳುನೆಲ ಎಂದು ಬರೆದುಕೊಳ್ಳಬೇಡಿ.

ತಾತ ಈ ಸಲ ಆಡಿನ ಜೊತೆ ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದರು, ಆರನೆಯ ತರಗತಿ. ನನ್ನ ಪುಸ್ತಕ ತಿರುವಿ, ಗೆರೆ ಎಳೆದ ಹೆಸರುಗಳನ್ನು ನೋಡಿ, “ಇದೆಲ್ಲ ತಪ್ಪಾ ಅಂಕಲ್?” ಎಂದಳು.

“ತಪ್ಪಲ್ಲ ತಾಯಿ, ಹಳೇ ಹೆಸರು.”

ಅವಳು ಒಂದು ಹಾಳೆ ಕೇಳಿ, ಆಡು ತಿನ್ನುವ ಗಿಡ ಯಾವುದು, ತಿನ್ನದ್ದು ಯಾವುದೆಂದು ತಮಿಳು ಅಕ್ಷರದಲ್ಲಿ ಬರೆದುಕೊಟ್ಟಳು. ಇಪ್ಪತ್ತಮೂರು ಹೆಸರು. ಅದರಲ್ಲಿ ನಾಲ್ಕು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಹೊರಡುವ ಮುಂಚೆ ಬಾಗಿನ ಜಾಗಕ್ಕೆ ಹತ್ತಿದೆ. ಜನವರಿಯಲ್ಲಿ ಜೇಬಿಗೆ ಹಾಕಿಕೊಂಡ ಕಲ್ಲು ಹತ್ತು ತಿಂಗಳು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿ ಕೂತಿತ್ತು. ಮೊಟ್ಟೆ ನೋಡಿದ ದಿನದಿಂದ ಅದು ಅಲ್ಲಿರುವುದು ಸರಿಯೆನಿಸಿರಲಿಲ್ಲ. ಹುಲ್ಲು ಬಗ್ಗಿಸಿ, ಒದ್ದೆ ಮಣ್ಣಿನಲ್ಲಿ ಉಳಿದ ಜಲ್ಲಿಯ ನಡುವೆ ಅದನ್ನು ಇಟ್ಟೆ. ಕೈ ತೆಗೆದ ಮೇಲೆ ಯಾವುದು ನಾನಿಟ್ಟದ್ದೆಂದು ಗುರುತು ಸಿಗಲಿಲ್ಲ. ಮಾರ್ಚಿಗೆ ಹುಲ್ಲು ಒಣಗುತ್ತದೆ.